ಕಸೂತಿ ಕಲಿಕೆ: ಬಿಚ್ಚಲು ಅಂಜಬೇಡಿ

ಚಿಕಿತ್ಸಾಲಯಕ್ಕೆ ಬರುವ ವಯಸ್ಸಾದ ತಾಯಂದಿರಿಗೆ ಕಸೂತಿ ಕಲಿಯಿರೆಂದು ಸೂಚಿಸಿದರೆ ಹೆಚ್ಚಾಗಿ ಬರುವ ಉತ್ತರ ಒಂದೇ: "ಈ ವಯಸ್ಸಿನ್ಯಾಗ ತಪ್ಪಿದ್ರ ಮಂದಿ ನಗ್ತಾರ್ರೀ." ನಿದ್ರೆ ಬಾರದು, ಹಗಲು ಕಳೆಯದು ಎಂಬ ದೂರು ಮಾತ್ರ ಹಾಗೆಯೇ ಮುಂದುವರಿಯುತ್ತದೆ. ತಪ್ಪುವುದೇ ಈ ಕಲಿಕೆಯ ಸತ್ತ್ವವೆಂದು ಅವರಿಗೆ ಯಾರೂ ಹೇಳಿಲ್ಲ.

ನಾನೂ ಅರವತ್ತು ದಾಟಿದ ಮೇಲೆಯೇ ಸೂಜಿ ಹಿಡಿದವಳು. ಧಾರವಾಡ ಸೀಮೆಯ ಈ ಕಲೆಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ 4 ಬಗೆಯ ಹೊಲಿಗೆಗಳಿವೆ. ಇಳಕಲ್ ಸೀರೆಯ ಸೆರಗಿನ ಗೋಪುರ, ತೇರು, ಆನೆ, ತೊಟ್ಟಿಲುಗಳೆಲ್ಲ ಇವುಗಳಿಂದಲೇ ಮೂಡುತ್ತವೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಬಿಟ್ಟು ಮುಂದೆ ಸಾಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬಬೇಕು. ಆಗ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ.

ನನ್ನ ಮೊದಲ ಗೋಪುರದಲ್ಲಿ ಎಲ್ಲಿಯೋ 4 ಎಳೆಗೆ ಬದಲಾಗಿ 5 ಎಳೆ ಎತ್ತಿದ್ದೆ. ಹೊಲಿಯುವಾಗ ತಿಳಿಯಲಿಲ್ಲ, ಶಿಖರದಲ್ಲಿ ಎರಡು ಬದಿಗಳು ಕೂಡದೆ ಹೋದಾಗ ತಿಳಿಯಿತು. ಬಿಚ್ಚಿದೆ. ಎರಡನೆಯ ಸಲ ಪಕ್ಕದ ಕವಲೊಂದಕ್ಕೆ ಹೋಗಿಬರುವುದನ್ನು ಮರೆತು ಹಿಂದಿರುಗಿದ್ದೆ. ಮತ್ತೆ ಬಿಚ್ಚಿದೆ. ಕಲಿಸುತ್ತಿದ್ದ ನೆರೆಮನೆಯ ಅಜ್ಜಿ ಎರಡೂ ತಪ್ಪುಗಳನ್ನು ಮೊದಲೇ ಕಂಡಿದ್ದರಂತೆ, ಬಾಯಿ ಬಿಟ್ಟಿರಲಿಲ್ಲ! ಅಂದು ನನಗೆ ಸಿಟ್ಟು ಬಂದದ್ದು ನಿಜ. ಆದರೆ ಆ ಮಧ್ಯಾಹ್ನಗಳಲ್ಲಿ ಮನೆಯ ಯಾವ ಚಿಂತೆಯೂ ನನ್ನ ಬಳಿ ಸುಳಿದಿರಲಿಲ್ಲ. ಎಳೆ ಎಣಿಸುವ ಮನಸ್ಸಿಗೆ ಬೇರೆಡೆ ಅಲೆಯಲು ಬಿಡುವೆಲ್ಲಿ? ಆದ್ದರಿಂದಲೇ, ಕಷ್ಟವಾಗದಿರಲೆಂದು ಮಕ್ಕಳು ವಿನ್ಯಾಸ ಅಚ್ಚೊತ್ತಿದ ಬಟ್ಟೆಯನ್ನು ತಾಯಿಗೆ ತಂದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಎಣಿಕೆಯನ್ನೇ ಕಿತ್ತುಕೊಂಡರೆ ಉಳಿಯುವುದು ಬರಿಯ ಹೊಲಿಗೆ.

ಆರಂಭಿಸುವವರು ಸೀರೆಗೆ ಕೈಹಾಕದೆ, ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆಯನ್ನು ತೆಗೆದುಕೊಳ್ಳಲಿ. ಅತಿ ಸಮೀಪದ ವಸ್ತುವನ್ನು ನೋಡುವುದನ್ನು ಚರಕಸಂಹಿತೆಯು ಕಣ್ಣಿನ ಮಿಥ್ಯಾಯೋಗಗಳಲ್ಲಿ ಎಣಿಸಿದೆ. ಆದ್ದರಿಂದ ಹಗಲು ಬೆಳಕಿನಲ್ಲಿಯೇ ಹೊಲಿಯಿರಿ. 20 ನಿಮಿಷಕ್ಕೊಮ್ಮೆ ಸೂಜಿಯನ್ನಿಟ್ಟು ದೂರದ ಮರವನ್ನೋ ಆಕಾಶವನ್ನೋ ನೋಡಿರಿ. ಬಹುಕಾಲದ ಮಧುಮೇಹದಿಂದ ಬೆರಳುಗಳು ಜೋಮು ಹಿಡಿದಿರುವವರಿಗೆ ಸೂಜಿ ಚುಚ್ಚಿದ್ದೂ ತಿಳಿಯದು. ಅಂಥವರು ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಲಿ, ಕೆಲಸ ಮುಗಿದೊಡನೆ ಬೆರಳುಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ. ಎಳೆಗಳು ಮಸುಕಾಗಿ ಕಂಡರೆ ಮೊದಲು ಕಣ್ಣಿನ ವೈದ್ಯರ ಬಳಿಗೆ ಹೋಗಿರಿ, ಕಸೂತಿ ಆಮೇಲೆ.