ಭೌತವಿಜ್ಞಾನದ ಲೆಕ್ಕಗಳೂ ನಮ್ಮ ಹೆಣ್ಣುಮಕ್ಕಳೂ

ಹೈಸ್ಕೂಲಿನಲ್ಲಿ ಕಲಿಸತಕ್ಕ ವಿಷಯಗಳಲ್ಲಿ ತಂದೆತಾಯಿಗಳ ದೂರಿಗೆ ಹೆಚ್ಚಾಗಿ ಗುರಿಯಾಗುವುದು ಭೌತವಿಜ್ಞಾನ. ಅದರಲ್ಲಿಯೂ ಬಲ, ವಿದ್ಯುತ್ತು, ಬೆಳಕು ಎಂಬ ಮೂರು ಪಾಠಗಳ ಲೆಕ್ಕಗಳ ವಿಷಯದಲ್ಲಿ ಕೇಳಿಬರುವಷ್ಟು ಮಾತು ಬೇರೆ ಯಾವುದರಲ್ಲಿಯೂ ಕೇಳಿಬರುವುದಿಲ್ಲ. “ಇಷ್ಟು ಲೆಕ್ಕಗಳು ಯಾತಕ್ಕೆ? ಪರೀಕ್ಷೆಗೆ ಬರುವಂಥ ನಾಲ್ಕನ್ನು ಬಿಡಿಸಿ ಬರೆಯಿಸಿಬಿಟ್ಟರೆ ಸಾಲದೇ?” ಎಂದು ಕೆಲವರು ಕೇಳುತ್ತಾರೆ. “ನಮ್ಮ ಮಗಳು ಮುಂದೆ ವಿಜ್ಞಾನ ಓದುವವಳಲ್ಲ, ಪಾಸಾದರೆ ಸಾಕು” ಎಂದು ಮತ್ತೆ ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳೂ ಮಕ್ಕಳ ಮೇಲಿನ ಮಮತೆಯಿಂದಲೇ ಹುಟ್ಟಿದವುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇವೆರಡೂ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಪೋಷಕರ ಮತ್ತು ಹಳೆಯ ವಿದ್ಯಾರ್ಥಿನಿಯರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು, ಲೆಕ್ಕವೆಂದರೇನು ಎಂಬುದನ್ನು ವಿಚಾರಿಸೋಣ. ಸೂತ್ರವನ್ನು ಬಾಯಿಪಾಠ ಮಾಡಿ, ಅಕ್ಷರಗಳಿದ್ದಲ್ಲಿ ಅಂಕಿಗಳನ್ನು ತುಂಬಿ, ಗುಣಿಸಿ ಭಾಗಿಸುವುದು ಭೌತವಿಜ್ಞಾನದ ಲೆಕ್ಕವಲ್ಲ. ಅದು ಬರಿಯ ಅಂಕಗಣಿತ. ಇಲ್ಲಿ ಏನು ನಡೆಯುತ್ತಿದೆ, ಯಾವ ವಸ್ತುವಿನ ಮೇಲೆ ಯಾವುದು ಕೆಲಸ ಮಾಡುತ್ತಿದೆ, ಯಾವ ನಿಯಮ ಇಲ್ಲಿ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ತಾನೇ ನಿಶ್ಚಯಿಸುವುದೇ ನಿಜವಾದ ಲೆಕ್ಕ. ಅಂಕಿಗಳು ಅದರ ಕಡೆಯ ಹೆಜ್ಜೆ ಮಾತ್ರ. ಪಾಠವನ್ನು ಕೇಳುವಾಗ ಎಲ್ಲವೂ ತಿಳಿದಂತೆಯೇ ತೋರುತ್ತದೆ. ತಿಳಿದದ್ದೆಷ್ಟು, ತಿಳಿಯಿತೆಂದು ಭ್ರಮಿಸಿದ್ದೆಷ್ಟು ಎಂಬುದು ಲೆಕ್ಕಕ್ಕೆ ಕೈಹಾಕಿದಾಗಲೇ ಹೊರಬೀಳುತ್ತದೆ.

ಬಲದ ಪಾಠವನ್ನೇ ತೆಗೆದುಕೊಳ್ಳಿರಿ. ಬಾವಿಯ ರಾಟೆಯ ಮೇಲೆ ಹಗ್ಗ ಹಾಕಿ ನೀರು ಸೇದುವುದು ನಮ್ಮ ಸೀಮೆಯವರಿಗೆಲ್ಲ ಗೊತ್ತಿರುವ ಸಂಗತಿ. ಬಿಂದಿಗೆಯ ತೂಕ 1 ಕಿಲೋಗ್ರಾಂ, ಅದರಲ್ಲಿರುವ ನೀರು 12 ಲೀಟರು. ಒಂದೇ ವೇಗದಲ್ಲಿ ಮೇಲಕ್ಕೆ ಎಳೆಯಲು ಎಷ್ಟು ಬಲ ಬೇಕು ಎಂದು ಕೇಳಿದರೆ, ರಾಟೆ ಇರುವುದರಿಂದ ಅರ್ಧ ಬಲ ಸಾಕು ಎಂದು ಬರೆಯುವವರು ಬಹಳ ಮಂದಿ. ಆದರೆ ಹಗ್ಗದ ತೂಕವನ್ನೂ ರಾಟೆಯ ತಿಕ್ಕಾಟವನ್ನೂ ಬಿಟ್ಟರೂ, 13 ಕಿಲೋಗ್ರಾಮಿಗೆ ಬೇಕಾದ 127.4 ನ್ಯೂಟನ್ ಬಲ ಬೇಕೇ ಬೇಕು. ಕಂಬಕ್ಕೆ ಬಿಗಿದ ಒಂಟಿ ರಾಟೆ ಬಲವನ್ನು ಕಡಿಮೆ ಮಾಡುವುದಿಲ್ಲ; ಮೇಲಕ್ಕೆತ್ತುವ ಕಷ್ಟವನ್ನು ಕೆಳಕ್ಕೆಳೆಯುವ ಅನುಕೂಲವನ್ನಾಗಿ ಬದಲಾಯಿಸುತ್ತದೆ, ಅಷ್ಟೆ. ಭಾರದೊಡನೆ ಮೇಲೇರುವ ರಾಟೆಯಿಂದ ಬಲ ಅರ್ಧಕ್ಕಿಳಿಯುವುದುಂಟು. ಆಗ ಎರಡರಷ್ಟು ಹಗ್ಗವನ್ನು ಎಳೆಯಬೇಕಾಗುತ್ತದೆ. ಪ್ರಕೃತಿಯಲ್ಲಿ ಯಾವುದೂ ಪುಕ್ಕಟೆಯಾಗಿ ದೊರೆಯುವುದಿಲ್ಲವೆಂಬುದನ್ನು ಈ ಒಂದು ಲೆಕ್ಕ ಕಲಿಸುವಷ್ಟು ಹತ್ತು ಉಪದೇಶಗಳು ಕಲಿಸಲಾರವು.

ಇನ್ನೊಂದು ಲೆಕ್ಕ ಪ್ರತಿ ವರ್ಷವೂ ತರಗತಿಯಲ್ಲಿ ಜಗಳವೆಬ್ಬಿಸುತ್ತದೆ. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ಸಮನೆಲದಲ್ಲಿ ನೂರು ಮೀಟರು ನಡೆದರೆ, ಕೊಡವನ್ನು ಹಿಡಿದಿರುವ ಬಲವು ಮಾಡಿದ ಕೆಲಸವೆಷ್ಟು? ಉತ್ತರ: ಸೊನ್ನೆ. “ಹಾಗಾದರೆ ನಮ್ಮ ಅವ್ವ ಮಾಡುವುದೆಲ್ಲ ಸೊನ್ನೆಯೇ, ಟೀಚರ್?” ಎಂದು ಹುಡುಗಿಯರು ಸಿಟ್ಟಾಗುತ್ತಾರೆ. ಆ ಸಿಟ್ಟು ಒಳ್ಳೆಯದು. ಬಲವು ಮೇಲ್ಮುಖವಾಗಿದೆ, ಚಲನೆಯು ಅಡ್ಡವಾಗಿದೆ, ಆದಕಾರಣ ಆ ಬಲದಿಂದ ಕೆಲಸವಾಗಲಿಲ್ಲ. ಮೈ ದಣಿದದ್ದು ಮಾತ್ರ ಸುಳ್ಳಲ್ಲ, ಭಾರವನ್ನು ಹಿಡಿದು ನಿಲ್ಲಿಸುವುದಕ್ಕೂ ಸ್ನಾಯುಗಳು ಶಕ್ತಿಯನ್ನು ವ್ಯಯಮಾಡುತ್ತವೆ ಎಂದು ವಿವರಿಸುವಾಗ, ಒಂದೇ ಮಾತಿಗೆ ಮನೆಯಲ್ಲಿ ಒಂದರ್ಥ, ಶಾಸ್ತ್ರದಲ್ಲಿ ಇನ್ನೊಂದರ್ಥ ಇರಬಹುದೆಂಬ ಸೂಕ್ಷ್ಮವನ್ನು ಅವರು ಗ್ರಹಿಸುತ್ತಾರೆ. ಮಾತನ್ನು ಅಳೆದು ಆಡುವ ಅಭ್ಯಾಸಕ್ಕೆ ಇದು ನಾಂದಿ.

ವಿದ್ಯುತ್ತಿನ ಲೆಕ್ಕಗಳಂತೂ ಮನೆಯ ಸುರಕ್ಷಿತತೆಗೇ ಸೇರಿದವು. ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ರಾಡು ಅನೇಕ ಮನೆಗಳಲ್ಲಿಯೂ ಹಾಸ್ಟೆಲುಗಳಲ್ಲಿಯೂ ಉಂಟು. ಅದರ ಮೇಲೆ 1500 ವಾಟ್ ಎಂದು ಬರೆದಿದ್ದರೆ, 220 ವೋಲ್ಟಿನಲ್ಲಿ ಅದು ಸುಮಾರು 6.8 ಆಂಪೇರ್ ಪ್ರವಾಹವನ್ನು ಎಳೆಯುತ್ತದೆ. ಗೋಡೆಯ ಚಿಕ್ಕ ಸಾಕೆಟ್ಟು 6 ಆಂಪೇರಿನದು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲ ಹುಡುಗಿ ಆ ರಾಡನ್ನು 16 ಆಂಪೇರಿನ ದೊಡ್ಡ ಸಾಕೆಟ್ಟಿಗಲ್ಲದೆ ಬೇರೆಡೆಗೆ ಸಿಕ್ಕಿಸುವುದಿಲ್ಲ. ತಂತಿ ಕಾದು ಕರಗಿ ಬೆಂಕಿ ಹತ್ತಬಹುದೆಂಬುದನ್ನು ಬಲ್ಲವಳು ಆಕೆ. ಅದೇ ರಾಡಿನಿಂದ 15 ಲೀಟರು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಎಷ್ಟು ಹೊತ್ತು ಬೇಕು? ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4200 ಜೂಲ್ ಬೇಕಾಗುವುದರಿಂದ ಒಟ್ಟು 12,60,000 ಜೂಲ್, ಶಾಖವೆಲ್ಲ ನೀರಿಗೇ ಸೇರಿದರೆ 840 ಸೆಕೆಂಡು, ಅಂದರೆ 14 ನಿಮಿಷ, ಖರ್ಚು 0.35 ಯೂನಿಟ್. ಹೀಗೆ ಒಂದು ಬಕೆಟ್ಟು ಬಿಸಿನೀರಿನಲ್ಲಿ ಶಾಖದ ಪಾಠವೂ, ವಿದ್ಯುತ್ತಿನ ಪಾಠವೂ, ತಿಂಗಳ ಬಿಲ್ಲಿನ ಪಾಠವೂ ಅಡಗಿವೆ.

ಸೂತ್ರ ಬಲ್ಲವಳಿಗೂ ಲೆಕ್ಕ ಬಲ್ಲವಳಿಗೂ ಇರುವ ಅಂತರವನ್ನು ತೋರಿಸಲು ಮತ್ತೊಂದು ಉದಾಹರಣೆಯನ್ನು ಕೊಡುತ್ತೇನೆ. 220 ವೋಲ್ಟಿಗೆ ಮಾಡಿದ, ತಂತಿ ಕಾದು ಬೆಳಗುವ ಹಳೆಯ ಮಾದರಿಯ ಎರಡು ಬಲ್ಬುಗಳಿವೆ. ಒಂದು 60 ವಾಟ್, ಇನ್ನೊಂದು 100 ವಾಟ್. ಇವನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸಿ 220 ವೋಲ್ಟಿಗೆ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ನೂರರದ್ದೇ ಎಂದು ಥಟ್ಟನೆ ಉತ್ತರ ಬರುತ್ತದೆ. ಅರವತ್ತರ ಬಲ್ಬಿನ ರೋಧ ಸುಮಾರು 807 ಓಮ್, ನೂರರ ಬಲ್ಬಿನದು 484 ಓಮ್. ಸರಣಿಯಲ್ಲಿ ಎರಡರಲ್ಲಿಯೂ ಹರಿಯುವ ಪ್ರವಾಹ ಒಂದೇ ಆದುದರಿಂದ, ರೋಧ ಹೆಚ್ಚಿರುವ ಅರವತ್ತರ ಬಲ್ಬೇ ಹೆಚ್ಚು ಬೆಳಗುತ್ತದೆ. ಬಲ್ಬಿನ ಮೇಲೆ ಬರೆದ ವಾಟು ಅದಕ್ಕೆ ಪೂರ್ಣ 220 ವೋಲ್ಟು ದೊರೆತಾಗ ಮಾತ್ರ ಸತ್ಯ. ಮನೆಯ ದೀಪಗಳನ್ನೆಲ್ಲ ಸಮಾಂತರವಾಗಿ ಜೋಡಿಸುವುದೇಕೆಂಬುದು ಕೂಡ ಇದರಿಂದಲೇ ವಿಶದವಾಗುತ್ತದೆ.

ನಮ್ಮ ನಾಡಿನ ಚರಿತ್ರೆಯಲ್ಲಿಯೂ ಒಂದು ದೊಡ್ಡ ಲೆಕ್ಕವಿದೆ. 1902ರಲ್ಲಿ ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿಸಿದ ವಿದ್ಯುತ್ತನ್ನು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು; 1905ರಲ್ಲಿ ಬೆಂಗಳೂರಿಗೂ ಅಲ್ಲಿಂದ ಬೆಳಕು ಬಂದಿತು. ಅಷ್ಟು ದೂರಕ್ಕೆ ಕಳುಹಿಸುವಾಗ ವೋಲ್ಟನ್ನು ಬಹಳ ಎತ್ತರಿಸಿದ್ದು ಯಾಕೆ? ವೋಲ್ಟನ್ನು ಹತ್ತು ಪಾಲು ಹೆಚ್ಚಿಸಿದರೆ, ಅದೇ ಸಾಮರ್ಥ್ಯಕ್ಕೆ ಬೇಕಾಗುವ ಪ್ರವಾಹ ಹತ್ತರಲ್ಲೊಂದು ಪಾಲಾಗುತ್ತದೆ. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ನೂರರಲ್ಲೊಂದು ಪಾಲಾಗುತ್ತದೆ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದವು. ಈ ಲೆಕ್ಕ ಮಾತ್ರ ಹಳತಾಗಿಲ್ಲ.

ಬೆಳಕಿನ ಪಾಠಕ್ಕೆ ಬರೋಣ. 150 ಸೆಂಟಿಮೀಟರು ಎತ್ತರದ ಹುಡುಗಿ ತನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿಕೊಳ್ಳಬೇಕಾದರೆ ಗೋಡೆಯ ಕನ್ನಡಿ ಎಷ್ಟು ಉದ್ದವಿರಬೇಕು? ಸರಿಯಾದ ಎತ್ತರದಲ್ಲಿ ತೂಗುಹಾಕಿದರೆ 75 ಸೆಂಟಿಮೀಟರು ಸಾಕು. ಹಿಂದಕ್ಕೆ ಸರಿದರೂ ಮುಂದಕ್ಕೆ ಬಂದರೂ ಅಷ್ಟೇ. ಇದನ್ನು ಯಾರೂ ನಂಬುವುದಿಲ್ಲ. ಕಿರಣಗಳ ಚಿತ್ರ ಬರೆದ ಮೇಲೆ ನಂಬದೆ ಇರಲಾಗುವುದಿಲ್ಲ. ಕಲ್ಯಾಣಿಯ ಲೆಕ್ಕವು ಇನ್ನೂ ಮುಖ್ಯವಾದದ್ದು. ನೀರಿನ ವಕ್ರೀಭವನ ಸೂಚ್ಯಂಕ ಮೂರರಲ್ಲಿ ನಾಲ್ಕು, ಅಂದರೆ ಸುಮಾರು 1.33. ಆದುದರಿಂದ 2 ಮೀಟರು ಆಳದ ತಿಳಿನೀರು ನೇರ ಮೇಲಿನಿಂದ ನೋಡಿದಾಗ 1.5 ಮೀಟರಿನಷ್ಟೇ ಆಳವಾಗಿ ತೋರುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆಯಾಗಿ ತೋರುತ್ತದೆ. ನನ್ನೆತ್ತರಕ್ಕೆ ಮೀರದ ನೀರೆಂದು ಇಳಿದ ಮಗುವಿನ ತಲೆಯ ಮೇಲೆ ಅರ್ಧ ಮೀಟರು ನೀರು ನಿಂತಿರುತ್ತದೆ. ಈ ಲೆಕ್ಕವನ್ನು ತನ್ನ ಕೈಯಾರೆ ಮಾಡಿದವಳು ತಮ್ಮನನ್ನಾಗಲಿ ತಂಗಿಯನ್ನಾಗಲಿ ಗುರುತಿಲ್ಲದ ನೀರಿಗೆ ಇಳಿಯಗೊಡಳು.

ಇಂಥ ಲೆಕ್ಕಗಳನ್ನು ಅಭ್ಯಾಸಮಾಡುವುದಕ್ಕೆ ಒಂದು ಕ್ರಮವುಂಟು. ಮೊದಲು ಚಿತ್ರ ಬರೆಯತಕ್ಕದ್ದು. ಎರಡನೆಯದಾಗಿ, ಕೊಟ್ಟಿರುವುದೇನು, ಕೇಳಿರುವುದೇನು ಎಂಬುದನ್ನು ಮಾನಗಳ ಸಹಿತ ಬರೆಯತಕ್ಕದ್ದು. ಮೂರನೆಯದಾಗಿ, ಯಾವ ನಿಯಮ, ಅದು ಇಲ್ಲಿ ಯಾಕೆ ಸಲ್ಲುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳತಕ್ಕದ್ದು. ಕಡೆಗೆ, ಬಂದ ಉತ್ತರವು ನಂಬತಕ್ಕದ್ದೇ ಎಂದು ತನ್ನನ್ನು ತಾನೇ ಕೇಳಿಕೊಳ್ಳತಕ್ಕದ್ದು. ಚಿತ್ರವು ಎಷ್ಟು ಉಪಕಾರಿಯೆಂಬುದಕ್ಕೆ ನಿದರ್ಶನ: 15 ಸೆಂಟಿಮೀಟರು ಸಂಗಮದೂರವುಳ್ಳ ನಿಮ್ನ ದರ್ಪಣದ ಮುಂದೆ 10 ಸೆಂಟಿಮೀಟರು ದೂರದಲ್ಲಿ ವಸ್ತುವನ್ನಿಟ್ಟರೆ, ಮೂರು ಪಾಲು ದೊಡ್ಡದಾದ ನೇರವಾದ ಪ್ರತಿಬಿಂಬವು ದರ್ಪಣದ ಹಿಂದೆ 30 ಸೆಂಟಿಮೀಟರು ದೂರದಲ್ಲಿ ತೋರುತ್ತದೆ. ವಸ್ತುವಿನ ದೂರಕ್ಕೆ ಋಣಚಿಹ್ನೆ ಹಾಕಲು ಮರೆತವಳಿಗೆ ಅದು ದರ್ಪಣದ ಮುಂದೆ 6 ಸೆಂಟಿಮೀಟರಿನಲ್ಲಿ ದೊರೆಯುತ್ತದೆ. ಚಿತ್ರ ಬರೆದಿದ್ದರೆ ಚಿತ್ರವೇ ಆಕೆಯ ಕೈಹಿಡಿದು ನಿಲ್ಲಿಸುತ್ತದೆ. ಬರೆಯದಿದ್ದರೆ ತಪ್ಪು ಉತ್ತರಕ್ಕೆ ಎರಡು ಗೆರೆ ಎಳೆದು ಮುಂದಕ್ಕೆ ಹೋಗುತ್ತಾಳೆ.

ಬಿಡಿಸಿದ ಉತ್ತರಗಳ ಪುಸ್ತಕಗಳ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಅವು ಸಂಪೂರ್ಣವಾಗಿ ಕೆಟ್ಟವೆಂದು ನಾನು ಹೇಳಲಾರೆ. ಒಂದು ಮಾದರಿಯನ್ನು ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಅದನ್ನೇ ತಾನಾಗಿ ಮಾಡಿನೋಡುವವಳಿಗೆ ಅವು ಉಪಕಾರಿಗಳು. ಆದರೆ ಈಗ ಪ್ರಶ್ನೆಯ ಪಟ ತೆಗೆದೊಡನೆ ಉತ್ತರವನ್ನು ಮುಂದಿಡುವ ಮೊಬೈಲ್ ಫೋನು ಎಲ್ಲರ ಕೈಯಲ್ಲಿದೆ. ಉತ್ತರ ದೊರೆಯುವುದು ಇಷ್ಟು ಸುಲಭವಾದ ಮೇಲೆ ಉತ್ತರಕ್ಕೆ ಬೆಲೆಯಿಲ್ಲ. ಬೆಲೆಯಿರುವುದು ಅರ್ಧ ಗಂಟೆ ತಡವರಿಸಿದ ಬುದ್ಧಿಗೆ. ಇನ್ನೊಬ್ಬರು ಈಜುವುದನ್ನು ದಡದಲ್ಲಿ ಕುಳಿತು ನೋಡಿದವರಿಗೆ ಈಜು ಬಾರದು. ನೂರು ಲೆಕ್ಕಗಳನ್ನು ನೋಡಿ ಬರೆದುಕೊಂಡ ನೋಟುಪುಸ್ತಕಕ್ಕಿಂತ, ಹೊಡೆದುಹಾಕಿದ ಗೆರೆಗಳಿಂದ ಕೂಡಿದ ಹತ್ತು ಸ್ವಂತ ಲೆಕ್ಕಗಳ ಪುಸ್ತಕವು ಹೆಚ್ಚಿನದು. ಆದಕಾರಣ ಮಗಳ ಪುಸ್ತಕದಲ್ಲಿ ತಪ್ಪುಗಳನ್ನು ಕಂಡು ಪೋಷಕರು ಗದರಿಸಬಾರದು. ಒಂದೂ ತಪ್ಪಿಲ್ಲದ ಪುಸ್ತಕ ಕಂಡರೆ, ಇದನ್ನು ಮಾಡಿದವರು ಯಾರು ಎಂದು ಮೆಲ್ಲನೆ ವಿಚಾರಿಸಬೇಕು.

ಇನ್ನು, ವಿಜ್ಞಾನ ಓದದವಳಿಗೆ ಇದು ಬೇಡವೆಂಬ ಮಾತು. ಹದಿನೈದು ವರ್ಷದ ಹುಡುಗಿ ಮುಂದೆ ಏನು ಓದುವಳೆಂಬುದನ್ನು ಯಾರು ಬಲ್ಲರು? “ನನಗೆ ಲೆಕ್ಕ ಬಾರದು” ಎಂಬ ಒಂದು ಭಯದಿಂದಲೇ ಅನೇಕ ಹುಡುಗಿಯರು ಹತ್ತನೆಯ ತರಗತಿಯಾದ ಮೇಲೆ ವಿಜ್ಞಾನದ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಇಷ್ಟವಿಲ್ಲದೆ ಬಿಡುವುದು ಬೇರೆ, ಅಂಜಿ ಬಿಡುವುದು ಬೇರೆ. ಮೊದಲನೆಯದು ಆಯ್ಕೆ; ಎರಡನೆಯದು ನಷ್ಟ.

ತಿರುವಾಂಕೂರಿನ ಪೀರುಮೇಡಿನ ಕ್ರೈಸ್ತ ಕುಟುಂಬವೊಂದರಲ್ಲಿ 1918ರಲ್ಲಿ ಜನಿಸಿದ ಅನ್ನಾ ಮಣಿಯವರು 1940ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸಯನ್ಸಿಗೆ ಬಂದು, ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರಗಳ ಮೂಲಕ ಹಾಯ್ದ ಬೆಳಕನ್ನು ಪರೀಕ್ಷಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರ ಸಂಶೋಧನೆಗೆ ಡಾಕ್ಟರ್ ಪದವಿ ದೊರೆಯಲಿಲ್ಲ. ಅದರಿಂದ ಅವರು ಎದೆಗುಂದಲಿಲ್ಲ. ಇಂಗ್ಲೆಂಡಿನಲ್ಲಿ ಹವಾಮಾನದ ಉಪಕರಣಗಳ ವಿಷಯವನ್ನು ಅಭ್ಯಾಸಮಾಡಿ, 1948ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿ, ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವಂತೆ ಮಾಡಿದರು. ಅಂಥವರು ಆಕಾಶದಿಂದ ಇಳಿದು ಬರುವುದಿಲ್ಲ. ಅವರೂ ಒಂದು ದಿನ ಶಾಲೆಯ ಬೆಂಚಿನ ಮೇಲೆ ಕುಳಿತು ಸಣ್ಣ ಲೆಕ್ಕಗಳನ್ನು ಮಾಡಿದವರೇ ಆಗಿರುತ್ತಾರೆ.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಲೆಕ್ಕಕ್ಕೆ ಎಡೆಬಿಡದ ಹೊತ್ತು ಬೇಕು. ಸಂಜೆಯಲ್ಲಿ ಮಗನು ಓದಲು ಕುಳಿತರೆ ಮನೆಯೆಲ್ಲ ಸದ್ದಡಗಿಸುತ್ತದೆ. ಮಗಳು ಕುಳಿತರೆ ಐದು ನಿಮಿಷಕ್ಕೊಮ್ಮೆ ಅಡಿಗೆಮನೆಯಿಂದ ಕರೆ ಬರುತ್ತದೆ. ಮನೆಗೆಲಸ ಕಲಿಯಬಾರದೆಂದು ನಾನು ಹೇಳುತ್ತಿಲ್ಲ. ಕಲಿಯಲಿ, ಮಗನೂ ಕಲಿಯಲಿ. ಆದರೆ ದಿನಕ್ಕೆ ಒಂದು ಗಂಟೆಯನ್ನು, ಯಾರೂ ಕೂಗಿ ಕರೆಯದ ಒಂದು ಗಂಟೆಯನ್ನು, ಅವಳದ್ದೆಂದು ಬಿಟ್ಟುಕೊಡಿರಿ. ಉತ್ತರ ಹೇಳಿಕೊಡಲು ನಿಮಗೆ ಭೌತವಿಜ್ಞಾನ ಗೊತ್ತಿರಬೇಕಾಗಿಲ್ಲ. “ಇದನ್ನು ಹೇಗೆ ಮಾಡಿದೆಯಮ್ಮಾ, ನನಗೂ ಹೇಳು” ಎಂದು ಕೇಳಿದರೆ ಸಾಕು. ಹೇಳಲು ಹೋಗುವಾಗ ಅವಳ ತಪ್ಪು ಅವಳಿಗೇ ಕಾಣುವುದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ಬ್ಯಾಂಕು ಕಚೇರಿಗಳಲ್ಲಿ ದುಡಿಯುವವರಿದ್ದೀರಿ, ಮನೆಯನ್ನು ನಡೆಸುವವರಿದ್ದೀರಿ. ವರ್ಷಕ್ಕೊಮ್ಮೆಯಾದರೂ ಒಂದು ಶನಿವಾರ ಶಾಲೆಗೆ ಬಂದು, ಒಂಬತ್ತು ಹತ್ತನೆಯ ತರಗತಿಯ ಹುಡುಗಿಯರ ಪಕ್ಕದಲ್ಲಿ ಕುಳಿತು ಒಂದೆರಡು ಲೆಕ್ಕಗಳನ್ನು ಅವರೊಡನೆ ಮಾಡಿರಿ. ಮರೆತುಹೋಗಿದ್ದರೆ ಇನ್ನೂ ಒಳ್ಳೆಯದು. ದೊಡ್ಡವರೂ ತಡವರಿಸುತ್ತಾರೆ, ತಡವರಿಸಿದರೂ ದಾರಿ ಕಂಡುಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಹುಡುಗಿ ಲೆಕ್ಕಕ್ಕೆ ಅಂಜುವುದನ್ನು ಬಿಡುತ್ತಾಳೆ. ಹಾಗೆ ಬರತಕ್ಕವರಿಗಾಗಿ ಶಾಲೆಯ ಪ್ರಯೋಗಶಾಲೆಯ ಬಾಗಿಲು ತೆರೆದಿರುತ್ತದೆ.