ಒಂದು ಶಾಸನ, ಎರಡು ಜಿನಾಲಯ: ಸಣ್ಣ ದತ್ತಿಸಂಸ್ಥೆಗಳ ಕೂಡುಗೆಲಸ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ಪಾಳುಬಿದ್ದ ಜಿನಾಲಯವೊಂದರ ಅವಶೇಷಗಳ ನಡುವೆ ಗಂಗರ ತಾಮ್ರಶಾಸನಗಳು ದೊರೆತವು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಅವು ಸೇರಿವೆ. ಅವುಗಳಲ್ಲಿ ಅವಿನೀತನದು ವಿಶೇಷ ಗಮನಕ್ಕೆ ಅರ್ಹವಾದುದು. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದು, ಐದನೆಯ ಶತಮಾನದಿಂದ ಆರನೆಯ ಶತಮಾನದ ಮಧ್ಯದವರೆಗೆ ಬೇರೆ ಬೇರೆ ಕಾಲಗಣನೆಗಳಿವೆ. ಗುರು ವಿಜಯಕೀರ್ತಿಯ ಉಪದೇಶದಂತೆ ಅರಸನು ಉರನೂರಿನ ಅರ್ಹದಾಯತನಕ್ಕೆ ವೆನ್ನೆಲ್ಕರಣಿ ಎಂಬ ಗ್ರಾಮವನ್ನು ಕೊಡುತ್ತಾನೆ. ಅದೇ ಶಾಸನದಲ್ಲಿ ಪೇರೂರಿನ ಏವಾನಿ ಅಡಿಗಳ ಅರ್ಹದಾಯತನಕ್ಕೆ ಹೊರಸುಂಕದ ಕಾಲುಭಾಗವನ್ನು ಬಿಟ್ಟುಕೊಡುತ್ತಾನೆ. ಒಂದಕ್ಕೆ ನೆಲ, ಮತ್ತೊಂದಕ್ಕೆ ದಾರಿಯ ವ್ಯಾಪಾರದಿಂದ ಬರುವ ಹಣ.

ಇದನ್ನು ಎರಡು ಬಸದಿಗಳ ಸಹಕಾರವೆಂದು ಕರೆದರೆ ಅತಿಶಯೋಕ್ತಿಯಾದೀತು. ಅವು ಪರಸ್ಪರ ಮಾತನಾಡಿಕೊಂಡವೆಂದು ಶಾಸನ ಹೇಳುವುದಿಲ್ಲ. ಕೊಟ್ಟವನು ಒಬ್ಬ, ಪಡೆದವರು ಇಬ್ಬರು, ಅಷ್ಟೇ. ಆದರೂ ಎರಡು ಬೇರೆ ಊರುಗಳ, ಬೇರೆ ಸ್ವರೂಪದ ಆದಾಯವುಳ್ಳ ಧರ್ಮಸ್ಥಾನಗಳು ಒಂದೇ ಪಟದಲ್ಲಿ, ಯಾವುದಕ್ಕೆ ಏನು ಎಂಬ ಸ್ಪಷ್ಟ ನಿಗದಿಯೊಡನೆ ಕಾಣಿಸಿಕೊಳ್ಳುವುದು ಗಮನಾರ್ಹ. ಒಬ್ಬ ಕಾರ್ಯದರ್ಶಿ, ಅರೆವೇಳೆಯ ಒಬ್ಬ ಗುಮಾಸ್ತ, ಬೀಗ ಹಾಕಿದ ಎರಡು ಕಪಾಟು ಇಷ್ಟರಲ್ಲೇ ನಡೆಯುವ ಇಂದಿನ ಸಾಹಿತ್ಯಕ ಪ್ರತಿಷ್ಠಾನಗಳ ನಡುವೆ ಅಂಥದೊಂದು ನಿಗದಿಯನ್ನು ಹುಡುಕುವುದು ಕಷ್ಟ. ಪ್ರತಿಯೊಂದೂ ಒಂದು ಪ್ರಶಸ್ತಿ ಕೊಡುತ್ತದೆ, ಒಂದು ದತ್ತಿ ಉಪನ್ಯಾಸ ಏರ್ಪಡಿಸುತ್ತದೆ, ಆಗೊಮ್ಮೆ ಈಗೊಮ್ಮೆ ಒಂದು ಸ್ಮರಣ ಸಂಚಿಕೆ ತರುತ್ತದೆ. ಪಕ್ಕದ ಬೀದಿಯ ಪ್ರತಿಷ್ಠಾನವೂ ಅದನ್ನೇ ಮಾಡುತ್ತದೆ.

ಇದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಕೇಳಿಬರುವ ಮಾತು ಹಣದ ಕ್ರೋಡೀಕರಣ. ಜೈನಗ್ರಂಥ ಪ್ರಕಟಣೆಯ ಇತಿಹಾಸ ಬೇರೆಯದನ್ನೇ ತೋರಿಸುತ್ತದೆ. ಅಲ್ಲಿ ಫಲ ಕೊಟ್ಟದ್ದು ನಿಧಿಗಳ ವಿಲೀನವಲ್ಲ. ಕೆಲಸದ ಹಂಚಿಕೆ, ಅದಕ್ಕಿಂತ ಹೆಚ್ಚಾಗಿ ವಿದ್ವಾಂಸರ ಹಂಚಿಕೆ. ಇದಕ್ಕೆ ಧವಲಾ ಗ್ರಂಥಗಳಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಪುಷ್ಪದಂತ ಮತ್ತು ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನನು ಬರೆದ ಧವಲಾ ಟೀಕೆ ಎಪ್ಪತ್ತೆರಡು ಸಾವಿರ ಶ್ಲೋಕಪ್ರಮಾಣದ್ದು. ಗುಣಧರನ ಕಷಾಯಪ್ರಾಭೃತಕ್ಕೆ ವೀರಸೇನನು ಆರಂಭಿಸಿ ಶಿಷ್ಯ ಜಿನಸೇನನು 837ರಲ್ಲಿ ಮುಗಿಸಿದ ಜಯಧವಲಾ ಅರವತ್ತು ಸಾವಿರದ್ದು. ಇವೆರಡರ ಜೊತೆಗೆ ಮಹಾಧವಲವೆಂದು ರೂಢಿಯಾದ ಮಹಾಬಂಧ. ಈ ಮೂರರ ಹಳಗನ್ನಡ ಲಿಪಿಯ ತಾಳೆಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುವ ವಸ್ತುಗಳಾಗಿದ್ದವೇ ಹೊರತು ಓದುವ ಗ್ರಂಥಗಳಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಶೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಇವುಗಳ ನಕಲು ಮಾಡಿಸಲು ಮುಂದಾದರು. ಹಣ ಅಲ್ಲಿಂದ ಬಂತು. ಲಿಪಿ ಬಲ್ಲ ಬ್ರಹ್ಮಸೂರಿ ಶಾಸ್ತ್ರಿ ಶ್ರವಣಬೆಳಗೊಳದಿಂದ ಬಂದರು. ಗಜಪತಿ ಉಪಾಧ್ಯಾಯರು ಮಿರಜದಿಂದ. ಕೆಲಸ ವರ್ಷಗಟ್ಟಲೆ ನಡೆಯಿತು. ಆದರೆ ಮಾಡಿದ ನಕಲು ಮೂಡುಬಿದಿರೆಯಿಂದ ಹೊರಹೋಗಬಾರದೆಂಬ ನಿರ್ಬಂಧವಿತ್ತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿ, ನಾಗರಿಗೆ ಇಳಿದು, ನಕಲಿನ ನಕಲುಗಳಾಗಿ ಉತ್ತರ ಭಾರತದ ಹಲವು ಭಂಡಾರಗಳಿಗೆ ಹರಡಿತು. ಈ ಪ್ರಸಂಗವನ್ನು ಕಳವೆಂದು ಜರೆದವರೂ ಉದ್ಧಾರವೆಂದು ಹೊಗಳಿದವರೂ ಇದ್ದಾರೆ. ಎರಡಕ್ಕಿಂತಲೂ ಮುಖ್ಯವಾದ ಸಂಗತಿ ಇದು: ಕಾಯುವವರಿಗೂ ಓದಬಯಸುವವರಿಗೂ ನಡುವೆ ವಿಶ್ವಾಸವಿಲ್ಲದಿದ್ದರೆ ಗ್ರಂಥ ಹೊರಬರುವುದು ಹಿಂಬಾಗಿಲಿನಿಂದ. ಹಾಗೆ ಬಂದ ಪಾಠಕ್ಕೆ ಮೂಲದೊಡನೆ ಹೋಲಿಸಿಕೊಳ್ಳುವ ಅವಕಾಶವಿರುವುದಿಲ್ಲ.

1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಹೊರಬಂದುದು ಇಂಥ ನಕಲುಗಳ ಆಧಾರದಿಂದಲೇ. ಅಮರಾವತಿ, ಆರಾ, ಕಾರಂಜಾ ಈ ಮೂರು ಕಡೆಯ ಪ್ರತಿಗಳು ಸಂಪಾದಕ ಹೀರಾಲಾಲ್ ಜೈನ್ ಅವರ ಮುಂದಿದ್ದವು. ಅವರು ಅಮರಾವತಿಯ ಕಾಲೇಜಿನಲ್ಲಿ ಅಧ್ಯಾಪಕರು. ಹಣ ಕೊಟ್ಟದ್ದು ವಿದಿಶಾದ ಶ್ರೀಮಂತರೊಬ್ಬರ ಹೆಸರಿನ ಜೈನ ಸಾಹಿತ್ಯೋದ್ಧಾರಕ ನಿಧಿ. ಆ ಮೊದಲ ಸಂಪುಟದ ತೊಂಬತ್ತಮೂರನೆಯ ಸೂತ್ರದಲ್ಲಿ, ಮಾನುಷಿಯರ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ತೋರಿತು. ಪ್ರತಿಗಳಲ್ಲಿ ಇಲ್ಲದುದನ್ನು ಅವರು ಪಾಠದೊಳಗೆ ಸೇರಿಸಲಿಲ್ಲ. ಅಡಿಟಿಪ್ಪಣಿಯಲ್ಲಿ ಸೂಚಿಸಿ ಬಿಟ್ಟರು. ಮುಂದೆ ಮೂಡುಬಿದಿರೆಯ ಮಠವೂ ಬಸದಿಯ ಆಡಳಿತದವರೂ ಮೂಲದೊಡನೆ ಹೋಲಿಸಿ ನೋಡಲು ಅನುಮತಿ ಕೊಟ್ಟಾಗ, ತಾಳೆಗರಿಯಲ್ಲಿ ಆ ಪದ ಇರುವುದು ಕಂಡಿತು. ಸ್ತ್ರೀಮುಕ್ತಿಯ ವಿವಾದಕ್ಕೆ ತಾಕುವ ಪದವಾದ್ದರಿಂದ ಅದು ಇರಬೇಕೇ ಬೇಡವೇ ಎಂಬ ಜಗಳ ಬಹುಕಾಲ ನಡೆಯಿತು. ಆ ಜಗಳ ಇಲ್ಲಿ ಪ್ರಸ್ತುತವಲ್ಲ. ಪ್ರಸ್ತುತವಾದುದು, ಅಮರಾವತಿಯ ನಿಧಿ ಎಷ್ಟೇ ಹಣ ಸುರಿದರೂ ಆ ಒಂದು ಪದವನ್ನು ಕೊಳ್ಳಲಾಗುತ್ತಿರಲಿಲ್ಲ ಎಂಬುದು. ಅದು ಮೂಡುಬಿದಿರೆಯ ಪೆಟ್ಟಿಗೆಯಲ್ಲಿತ್ತು. ಮೂಡುಬಿದಿರೆಯೋ ತಾನೊಂದೇ ಹದಿನಾರು ಸಂಪುಟಗಳನ್ನು ಸಂಪಾದಿಸಿ ಅಚ್ಚುಹಾಕಿಸುವ ಸ್ಥಿತಿಯಲ್ಲಿರಲಿಲ್ಲ.

ಧವಲಾ ನಡೆಯುತ್ತಿರುವಾಗಲೇ ಉಳಿದೆರಡು ಗ್ರಂಥಗಳನ್ನು ಬೇರೆಯವರು ಕೈಗೆತ್ತಿಕೊಂಡರು. ಜಯಧವಲಾ ಮಥುರೆಯ ದಿಗಂಬರ ಜೈನ ಸಂಘದ ಪಾಲಿಗೆ ಬಂತು; 1944ರಲ್ಲಿ ತೊಡಗಿ 1988ರಲ್ಲಿ ಹದಿನಾರನೆಯ ಸಂಪುಟದೊಡನೆ ಮುಗಿಯಿತು. ಮಹಾಬಂಧವನ್ನು 1944ರಲ್ಲಿ ಹುಟ್ಟಿದ ಭಾರತೀಯ ಜ್ಞಾನಪೀಠ ಕಾಶಿಯಿಂದ 1947ರಿಂದ ಏಳು ಸಂಪುಟಗಳಲ್ಲಿ ತಂದಿತು. ಮೂರು ಸಂಸ್ಥೆ, ಮೂರು ಊರು, ಮೂರು ಬೊಕ್ಕಸ. ಒಂದು ಮಾಡಿದ್ದನ್ನು ಇನ್ನೊಂದು ಮತ್ತೆ ಮಾಡಲಿಲ್ಲ. ಮೂರರಲ್ಲಿಯೂ ದುಡಿದ ಫೂಲಚಂದ್ರ ಸಿದ್ಧಾಂತಶಾಸ್ತ್ರಿಯವರು ಒಬ್ಬರೇ. ಧವಲಾದಲ್ಲಿ ಪಾರಿಭಾಷಿಕ ಪದಗಳ ಮೇಲೆ ಗಳಿಸಿದ ಹಿಡಿತ ಜಯಧವಲಾಕ್ಕೆ ಒದಗಿತು, ಅಲ್ಲಿಯದು ಮಹಾಬಂಧಕ್ಕೆ. ಮೂರು ಸಂಸ್ಥೆಗಳು ಮೂವರು ಹೊಸಬರನ್ನು ಬೇರೆಬೇರೆಯಾಗಿ ತರಬೇತುಗೊಳಿಸಲು ಹೊರಟಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಆ. ನೇ. ಉಪಾಧ್ಯೆ ಅವರದೂ ಇದೇ ಬಗೆಯ ಪಾತ್ರ. ಧವಲಾದ ಕೆಲಸಕ್ಕೆ ನೆರವಾದರು. ಸೊಲ್ಲಾಪುರದ ಜೀವರಾಜ ಗ್ರಂಥಮಾಲೆಗೂ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗೂ ಹೀರಾಲಾಲರೊಡನೆ ಪ್ರಧಾನ ಸಂಪಾದಕರಾದರು. ಅಂದರೆ ಈ ಸಂಸ್ಥೆಗಳ ನಿಜವಾದ ಸಿಬ್ಬಂದಿ ಎಂದರೆ ಪಾಠ ಮುಗಿಸಿ ಮನೆಗೆ ಬಂದ ಇಬ್ಬರು ಮೇಷ್ಟರ ಸಂಜೆಗಳು. ಜ್ಞಾನಪೀಠದ ಹಿಂದೆ ದೊಡ್ಡ ಉದ್ಯಮಿಯ ಸಂಪತ್ತಿತ್ತು, ನಿಜ. ಆದರೆ ಅರ್ಧಮಾಗಧಿ ಮತ್ತು ಶೌರಸೇನಿ ಬಲ್ಲವರ ಸಂಖ್ಯೆಯನ್ನು ಸಂಪತ್ತು ರಾತ್ರೋರಾತ್ರಿ ಹೆಚ್ಚಿಸಲಾರದು.

ಹೆಸರಿನ ಪ್ರಶ್ನೆ ಇಲ್ಲಿ ಏಳುತ್ತದೆ. ಪ್ರತಿಷ್ಠಾನಗಳು ಒಟ್ಟಾಗಲು ಹಿಂಜರಿಯುವುದು ಬಹುಮಟ್ಟಿಗೆ ದಾನಿಯ ಹೆಸರು ಮುಳುಗೀತೆಂಬ ಭಯದಿಂದ. ಆ ಭಯವನ್ನು ಕ್ಷುದ್ರವೆಂದು ತಳ್ಳಿಹಾಕಬೇಕಾಗಿಲ್ಲ. ಹೆಸರಿಗಾಗಿ ಕೊಟ್ಟದ್ದೂ ದಾನವೇ, ಶಾಸನಗಳೆಲ್ಲ ಅದಕ್ಕೆ ಸಾಕ್ಷಿ. ಮಾಣಿಕಚಂದ್ ಶೇಠರ ನೆನಪಿಗಾಗಿ 1915ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ನಾಥೂರಾಮ ಪ್ರೇಮಿಯವರ ದುಡಿಮೆಯಿಂದ ನಡೆದ ಗ್ರಂಥಮಾಲೆ ಮುಂದೆ ತಾನಾಗಿ ನಡೆಯಲಾರದ ಸ್ಥಿತಿಗೆ ಬಂದಾಗ ಜ್ಞಾನಪೀಠದ ಆಶ್ರಯಕ್ಕೆ ಹೋಯಿತು. ಆಮೇಲಿನ ಪುಸ್ತಕಗಳ ಮೇಲೆಯೂ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆ ಎಂದೇ ಅಚ್ಚಾಯಿತು, ಕ್ರಮಸಂಖ್ಯೆಯೂ ಮುಂದುವರಿಯಿತು. ಹೀರಾಲಾಲರು ಶ್ರವಣಬೆಳಗೊಳದ ಶಾಸನಗಳನ್ನು ನಾಗರಿಯಲ್ಲಿ ಸಂಗ್ರಹಿಸಿದ ‘ಜೈನ ಶಿಲಾಲೇಖ ಸಂಗ್ರಹ’ದ ಮೊದಲ ಭಾಗ 1928ರಲ್ಲಿ ಈ ಮಾಲೆಯಲ್ಲೇ ಬಂದಿತ್ತು, ಅದರ ಎರಡನೆಯ ಭಾಗದಲ್ಲಿ ನೊಣಮಂಗಲದ ಪಟಗಳೂ ಸೇರಿದವು. ಮೈಸೂರಿನ ಶಾಸನ ಇಲಾಖೆ ಓದಿದ್ದನ್ನು ಮುಂಬಯಿಯ ಮಾಲೆ ಉತ್ತರದ ಓದುಗರಿಗೆ ಮುಟ್ಟಿಸಿತು. ಧವಲಾ ಸಂಪುಟಗಳು ಅಲಭ್ಯವಾದಾಗ 1973ರಿಂದ ಪರಿಷ್ಕರಿಸಿ ಮರುಮುದ್ರಿಸಿದ್ದು ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘ.

ಸಾಹಿತ್ಯ ಸಭೆಗಳಲ್ಲಿ ಅತ್ತಿಮಬ್ಬೆಯನ್ನು ನೆನೆಯದ ಭಾಷಣವಿಲ್ಲ. ಆಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ‘ಶಾಂತಿಪುರಾಣ’ ಪೊನ್ನನದು, ಅದನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಆಕೆ ಸ್ವತಃ ಆಶ್ರಯವಿತ್ತದ್ದು ರನ್ನನಿಗೆ. ಮತ್ತೊಬ್ಬರು ಆರಂಭಿಸಿದ್ದನ್ನು ಉಳಿಸಲು ಹಣ ಹಾಕಿದ ಈ ಉದಾಹರಣೆಯನ್ನು ಪ್ರತಿವರ್ಷ ಕೊಂಡಾಡುವ ವೇದಿಕೆಗಳೇ ಇನ್ನೊಂದು ಪ್ರತಿಷ್ಠಾನದ ಪುಸ್ತಕವನ್ನು ಮರುಮುದ್ರಿಸಲು ಒಪ್ಪದಿರುವುದು ವಿನೋದವೇ ಸರಿ.

ಈ ಇತಿಹಾಸವನ್ನು ಬರಿದೆ ಹೊಗಳಿದರೆ ಅರ್ಧಸತ್ಯವಾಗುತ್ತದೆ. ಆ ಸಹಕಾರ ಬರೆದ ಒಪ್ಪಂದಕ್ಕಿಂತ ಕೆಲವರ ಸ್ನೇಹದ ಮೇಲೆ ಹೆಚ್ಚಾಗಿ ನಿಂತಿತ್ತು. 1973ರಲ್ಲಿ ಹೀರಾಲಾಲರೂ 1975ರಲ್ಲಿ ಉಪಾಧ್ಯೆಯವರೂ ತೀರಿಕೊಂಡ ಮೇಲೆ ಸೊಲ್ಲಾಪುರವನ್ನೂ ಜ್ಞಾನಪೀಠವನ್ನೂ ಬೆಸೆದಿದ್ದ ಎಳೆ ಸಡಿಲವಾಯಿತು. ಇನ್ನೊಂದು ಕೊರತೆ ಕನ್ನಡದವರಿಗೆ ಹೆಚ್ಚು ನಾಟಬೇಕಾದುದು. ಈ ಸರಪಣಿಯಲ್ಲಿ ಕರ್ನಾಟಕ ಕಾಯುವವನ, ಲಿಪಿ ಓದುವವನ ಸ್ಥಾನದಲ್ಲಿತ್ತೇ ಹೊರತು ಪ್ರಕಾಶಕನ ಸ್ಥಾನದಲ್ಲಿರಲಿಲ್ಲ. ಮೂಡುಬಿದಿರೆ, ಕಾರ್ಕಳಗಳ ಭಂಡಾರಗಳನ್ನು ಹುಡುಕಿ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಅಚ್ಚಾದದ್ದು ಕಾಶಿಯಲ್ಲಿ, ನಾಗರಿಯಲ್ಲಿ. ಕನ್ನಡ ನಾಡಿನ ಓಲೆಗಳ ಪಟ್ಟಿಯನ್ನು ಕನ್ನಡ ವಿದ್ಯಾರ್ಥಿ ಹಿಂದಿಯ ಮೂಲಕ ಓದಬೇಕಾಯಿತು. ಧವಲಾ ಕನ್ನಡಕ್ಕೆ ಬರುವ ಕೆಲಸ ಶ್ರವಣಬೆಳಗೊಳದಲ್ಲಿ ಕೈಗೂಡಿದ್ದು ಬಹಳ ತಡವಾಗಿ.

ಸರ್ಕಾರವೋ ವಿಶ್ವವಿದ್ಯಾಲಯವೋ ಮಾಡಬೇಕಾದ ಕೆಲಸವನ್ನು ಸಣ್ಣ ದತ್ತಿಗಳ ತಲೆಗೆ ಕಟ್ಟುವುದೇಕೆ ಎಂಬ ಆಕ್ಷೇಪಕ್ಕೆ ಸ್ವಲ್ಪ ಬಲವಿದೆ. ಶಾಸನಗಳನ್ನು ಹಳ್ಳಿಹಳ್ಳಿಗೆ ಹೋಗಿ ಓದಿಸಿದ್ದು ಮೈಸೂರು ಸರ್ಕಾರವೇ. ಯಾವ ಸಣ್ಣ ದತ್ತಿಯೂ ಅದನ್ನು ಮಾಡಲಾಗುತ್ತಿರಲಿಲ್ಲ. ಆದರೆ ಮಠಗಳ, ಬಸದಿಗಳ, ಮನೆತನಗಳ ಪೆಟ್ಟಿಗೆಗಳು ತೆರೆಯುವುದು ಆದೇಶಕ್ಕಲ್ಲ, ಪರಿಚಯಕ್ಕೆ. ಅಲ್ಲಿ ಸಣ್ಣ ಸಂಸ್ಥೆಗೇ ಮೇಲುಗೈ.

ಇಂದು ಬೇಕಾಗಿರುವುದು ಒಕ್ಕೂಟವೆಂಬ ಹೆಸರಿನ ಇನ್ನೊಂದು ಸಂಸ್ಥೆಯಲ್ಲ. ಅದಕ್ಕೂ ಒಬ್ಬ ಅಧ್ಯಕ್ಷ, ಒಂದು ಲೆಟರ್‌ಹೆಡ್, ಒಂದು ವಾರ್ಷಿಕೋತ್ಸವ ಬಂದುಬಿಡುತ್ತದೆ. ನಾಲ್ಕೈದು ಪ್ರತಿಷ್ಠಾನಗಳು ಸೇರಿ ಹಳಗನ್ನಡವನ್ನೂ ಪ್ರಾಕೃತವನ್ನೂ ಬಲ್ಲ ಒಬ್ಬ ಯುವ ಸಂಪಾದಕನಿಗೆ ಅಥವಾ ಸಂಪಾದಕಿಗೆ ಐದು ವರ್ಷ ಪೂರ್ಣ ಸಂಬಳ ಕೊಡುವುದು, ಯಾರ ಬಳಿ ಯಾವ ಓಲೆ, ಯಾವ ಅಲಭ್ಯ ಪುಸ್ತಕ ಇದೆ ಎಂಬುದನ್ನು ಒಂದೇ ಕಡೆ ಬರೆದಿಡುವುದು, ಯಾವ ಕೃತಿ ಯಾರ ಪಾಲಿಗೆ ಎಂಬುದನ್ನು ಮೊದಲೇ ಕಾಗದದ ಮೇಲೆ ಒಪ್ಪಿಕೊಳ್ಳುವುದು, ಇಷ್ಟು ಸಾಕು. ಪ್ರಶಸ್ತಿಯ ಮೊತ್ತದಲ್ಲಿ ಒಂದು ಪಾಲು ಎರಡು ವರ್ಷ ನಿಂತರೂ ಯಾವ ಲೇಖಕನೂ ಕೊರಗಲಾರ. ಮೂಲಪ್ರತಿ ಅದನ್ನು ಕಾಯ್ದವರಲ್ಲೇ ಇರಲಿ. ಅದರ ಛಾಯಾಪ್ರತಿ ಮಾತ್ರ ಎರಡನೆಯ ಊರಿನಲ್ಲಿಯೂ ಇರಬೇಕು. ಮೂಡುಬಿದಿರೆಯ ಆ ಹಳೆಯ ನಿರ್ಬಂಧದ ಹಿಂದಿದ್ದ ಆತಂಕಕ್ಕೆ ಇದರಿಂದ ಗೌರವವೂ ಸಿಗುತ್ತದೆ.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಹೋಬಳಿಕೇಂದ್ರದಿಂದ ಬಂದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ತನ್ನ ಸೀಮೆಯ ಜೈನ ನೆಲೆಗಳ ಬಗ್ಗೆ ಬರೆಯಹೊರಟರೆ, ನೊಣಮಂಗಲದ ಪಾಠಕ್ಕೆ ರೈಸರ ಸಂಪುಟ ಹುಡುಕಬೇಕು, ನಾಗರಿ ಪಾಠಕ್ಕೆ ಮುಂಬಯಿಯ ಮಾಲೆ, ಓಲೆಯ ಸೂಚಿಗೆ ಕಾಶಿಯ ಪುಸ್ತಕ, ಮೂಲ ನೋಡಬೇಕೆಂದರೆ ಮೂಡುಬಿದಿರೆಯ ಬಸ್ಸು. ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕನ್ನಡದಲ್ಲಿ ತೋರಿಸುವ ಕೈಹೊತ್ತಗೆಯೊಂದನ್ನು ನಾಲ್ಕು ಪ್ರತಿಷ್ಠಾನಗಳು ಒಂದು ವರ್ಷದ ಸ್ಮರಣ ಸಂಚಿಕೆಗಳ ಕಾಗದದ ಖರ್ಚಿನಲ್ಲೇ ತರಬಹುದು.