ವಿಮಾನವನ್ನು ನಡೆಸುವವರು ಮತ್ತು ಕಟ್ಟುವವರು

ಆಕಾಶದಲ್ಲಿ ವಿಮಾನದ ಸದ್ದು ಕೇಳಿದೊಡನೆ ತಲೆಯೆತ್ತಿ ನೋಡದ ವಿದ್ಯಾರ್ಥಿಗಳು ವಿರಳ. ಹಾಗೆ ನೋಡಿದವರಲ್ಲಿ ಕೆಲವರಿಗಾದರೂ ತಾವೇ ಅದನ್ನು ನಡೆಸಬೇಕೆಂಬ ಆಸೆ ಮೊಳೆಯುವುದು ಸಹಜ. ಆಸೆಯೇನೋ ಒಳ್ಳೆಯದೇ, ಆದರೆ ವಿಮಾನವಿದ್ಯೆಯೆಂದರೆ ಚಾಲಕನ ಪೀಠವೊಂದೇ ಎಂದು ಭಾವಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ವಿಮಾನವೊಂದು ನೆಲ ಬಿಟ್ಟು ಏಳಬೇಕಾದರೆ ಮೂರು ಬಗೆಯ ವಿದ್ಯೆಗಳು ಒಂದುಗೂಡಬೇಕು. ಮೊದಲನೆಯದು ವಿಮಾನವನ್ನು ರೂಪಿಸುವ ಇಂಜಿನಿಯರರದು. ರೆಕ್ಕೆಯ ಮೇಲೂ ಕೆಳಗೂ ಗಾಳಿ ಹರಿಯುವ ಬಗೆ, ಲೋಹವು ತಡೆಯಬಲ್ಲ ಭಾರ, ಇಂಜಿನ್ನಿನ ತಳ್ಳುಬಲ, ಇವು ಅವರ ಅಭ್ಯಾಸದ ವಿಷಯಗಳು. ಎರಡನೆಯದು ನಿರ್ವಹಣಾ ಇಂಜಿನಿಯರರದು. ವಿಮಾನವನ್ನು ಪರೀಕ್ಷಿಸಿ, ಅದು ಹಾರಲು ಯೋಗ್ಯವೆಂದು ರುಜು ಹಾಕುವವರು ಇವರೇ. ಇದಕ್ಕೆ ಪದವಿಯೊಂದೇ ಸಾಲದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಲೈಸೆನ್ಸು ಬೇಕು. ಮೂರನೆಯದು ಚಾಲಕರ ವಿದ್ಯೆ. ವಾಣಿಜ್ಯ ಚಾಲಕರ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ನಡೆದಿರಬೇಕು, ಪಥನಿರ್ಣಯ, ಹವಾಮಾನಶಾಸ್ತ್ರ, ವಾಯುಯಾನ ನಿಯಮಗಳು ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಚಾಲಕರ ಶಿಕ್ಷಣಕ್ಕೆ ಹಲವು ಲಕ್ಷ ರೂಪಾಯಿಗಳು ಬೇಕಾಗುತ್ತವೆ. ಜಮೀನನ್ನು ಒತ್ತೆಯಿಟ್ಟು ಶುಲ್ಕ ಕಟ್ಟಿದ ಮೇಲೆ, ಕಣ್ಣಿನದೋ ಕಿವಿಯದೋ ದೋಷ ಹೊರಬಿದ್ದರೆ ಆ ಕುಟುಂಬದ ಗತಿಯೇನು? ಆದುದರಿಂದ ಮೊದಲು ವೈದ್ಯಪರೀಕ್ಷೆ, ಅನಂತರ ಶುಲ್ಕ. ಈ ಕ್ರಮವನ್ನು ಯಾರೂ ಮೀರಬಾರದು.

ಚಾಲಕರಾಗಲಾರದವರು ನಿರಾಶರಾಗಬೇಕಾಗಿಲ್ಲ. ಅಬ್ದುಲ್ ಕಲಾಂ ಅವರು ವಾಯುಸೇನೆಯ ಚಾಲಕರಾಗಲು ಬಯಸಿ ಆಯ್ಕೆಯಾಗದೆ ಹೋದವರು. ಮದರಾಸಿನಲ್ಲಿ ಅವರು ಕಲಿತಿದ್ದ ವಿಮಾನ ಇಂಜಿನಿಯರಿಂಗ್ ವಿದ್ಯೆಯೇ ಅವರನ್ನು ಮುಂದೆ ರಾಕೆಟ್ಟುಗಳ ಕಡೆಗೆ ಒಯ್ದಿತು.

ನಮ್ಮ ನಾಡಿಗಂತೂ ಈ ವಿದ್ಯೆ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1961ರಲ್ಲಿ ಹಾರಿದ ಮರುತ್ ಯುದ್ಧವಿಮಾನದ ಕಥೆಯನ್ನಂತೂ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಅದರ ಒಡಲು ಉತ್ತಮವಾಗಿತ್ತು. ಅದಕ್ಕೆ ತಕ್ಕ ಬಲವುಳ್ಳ ಇಂಜಿನ್ ಮಾತ್ರ ದೊರೆಯಲಿಲ್ಲ. ಆದಕಾರಣ ಅದು ಉದ್ದೇಶಿಸಿದ್ದ ವೇಗವನ್ನು ಮುಟ್ಟಲೇ ಇಲ್ಲ. ಅದರ 40 ವರ್ಷಗಳ ಅನಂತರ, 2001ರಲ್ಲಿ, ಮೊದಲು ಹಾರಿದ ತೇಜಸ್ ಕೂಡ ಅಮೆರಿಕದ ಇಂಜಿನ್ನಿನಿಂದಲೇ ಹಾರಿತು.

ಈ ಕೊರತೆಯನ್ನು ತುಂಬತಕ್ಕವರು ಯಾರು? ಕಾದ ಲೋಹದ ಗುಣವನ್ನೂ ಉರಿಯುವ ಅನಿಲದ ನಡೆಯನ್ನೂ ತಾಳ್ಮೆಯಿಂದ ಅಭ್ಯಸಿಸುವ ತರುಣ ತರುಣಿಯರಲ್ಲದೆ ಮತ್ತಾರೂ ಅಲ್ಲ. ಚಾಲಕರನ್ನು ನಾವು ಗೌರವಿಸೋಣ. ಆದರೆ ಇಂದು ಭೌತವಿಜ್ಞಾನದ ಪಾಠವನ್ನು ಓದುತ್ತಿರುವ ನೀವು, ಮುಂದಿನ ಸಲ ವಿಮಾನದ ಸದ್ದು ಕೇಳಿ ತಲೆಯೆತ್ತಿದಾಗ, ಆ ಸದ್ದು ಹುಟ್ಟುವುದೆಲ್ಲಿ ಎಂದೂ ಕೇಳಿಕೊಳ್ಳಿರಿ.